ಜೂನ್‌ನಾಗ ಅಲ್ಲ, ನವೆಂಬರ್‌ನಾಗ ಎಣಿಸ್ರಿ

(1/5)

ಶಹಾಪುರದ ಮಲಗಿದ ಬುದ್ಧ, ಸುರಪುರದ ಟೇಲರ್ ಮಂಜಿಲ್, ಬೋನಾಳ ಕೆರೆಯ ಹಕ್ಕಿ, ಯಾದಗಿರಿ ಕೋಟೆ. ಈ ಪೇಜಿನ್ಯಾಗ ಇಂಥವು ಹಾಕಿದ್ರ ನೀವೆಲ್ಲ ಹಾರ್ಟ್ ಒತ್ತಿ ಮುಂದ ಹೋಗ್ತೀರಿ. ಇವತ್ತಿನ ಫೋಟೋ ಅಷ್ಟು ಚಂದ ಇಲ್ಲ. ನಮ್ಮ ಕಡೆಯ ಒಂದು ಸರ್ಕಾರಿ ಸಾಲಿ, ಏಳನೇ ಕ್ಲಾಸು, ಮುಂಜಾನೆ ಹನ್ನೊಂದು ಗಂಟೆ. ಹಾಜರಿ ಪುಸ್ತಕದಾಗ ಪುಟ ತುಂಬ ಹೆಸರು ಅವ. ಕೋಣೆಯೊಳಗ ಇರೋರನ್ನ ಒಂದೇ ಸಾಲಿನ್ಯಾಗ ಕೂಡಿಸಬಹುದು.

ಉಳಿದವರು ಎಲ್ಲಿ ಅಂತ ಕೇಳಿದೆ. "ಅರ್ಧ ಮಂದಿ ಹತ್ತಿ ಬಿಡಿಸಾಕ ಹೋಗ್ಯಾರ್ರಿ ಸರ್, ಅರ್ಧ ಮಂದಿ ಬೆಂಗ್ಳೂರಿಗಿ" ಅಂದಳು ಮುಂದ ಕೂತ ಹುಡುಗಿ. ಬಸ್ಸಿನ ಟೈಮ್ ಹೇಳಿದಂಗ ಹೇಳಿದಳು. ನವೆಂಬರ್ ಬಂತಂದ್ರ ಹಿಂಗೇ ಅಂತ ಆಕಿಗಿ ಗೊತ್ತು, ಮಾಸ್ತರಿಗಿ ಗೊತ್ತು, ಊರಿಗೆಲ್ಲ ಗೊತ್ತು.

ಆದ್ರ ಜೂನ್‌ನಾಗ ದಾಖಲಾತಿ ಆಂದೋಲನ ಆಗ್ತದ ನೋಡ್ರಿ, ಅದರ ಸಂಭ್ರಮ ಬ್ಯಾರೆ. ತಳಿರು ತೋರಣ, ಎತ್ತಿನ ಬಂಡಿ ಮೆರವಣಿಗೆ, ಮಕ್ಕಳ ಕೈಗಿ ಗುಲಾಬಿ. ಅವತ್ತಿನ ಫೋಟೋನೇ ವರ್ಷದ ಸಾಧನೆ. ಆ ಗುಲಾಬಿ ಹಿಡಿದ ಮಗು ನವೆಂಬರ್‌ನಾಗ ಎಲ್ಲಿ ಅದ ಅಂತ ಕೇಳಿದ್ರ, ಉತ್ತರ ತಯಾರಿರ್ತದ: "ಪಾಲಕರಲ್ಲಿ ಅರಿವಿನ ಕೊರತೆ."

ಈ ಮಾತಿನ ಮ್ಯಾಲ ನನಗ ಸಿಟ್ಟದ. ಯಾಕಂತ ಮುಂದ ಹೇಳ್ತೀನಿ.

(2/5)

ಮೊದಲು ಲೆಕ್ಕ. 2009ರ ಡಿಸೆಂಬರ್ 30ಕ್ಕ ಗುಲ್ಬರ್ಗಾದಿಂದ ಬ್ಯಾರೆ ಆಗಿ ಯಾದಗಿರಿ ಜಿಲ್ಲಾ ಆಯ್ತು. 2011ರ ಜನಗಣತಿಯಾಗ ಸಾಕ್ಷರತೆ 51.83%, ಹೆಣ್ಣುಮಕ್ಕಳದು 41.38%. ರಾಜ್ಯದ ಸರಾಸರಿ 75.36%. ಅಂದ್ರ ಹುಟ್ಟಿದಾಗಲೇ ಕಟ್ಟಕಡೆ. 371ಜೆ ಬಂತು, ಹೈದರಾಬಾದ್ ಕರ್ನಾಟಕ ಅನ್ನೋ ಹೆಸರು 2019ರಾಗ ಕಲ್ಯಾಣ ಕರ್ನಾಟಕ ಆಯ್ತು. 2023ರ ಎಸ್ಸೆಸ್ಸೆಲ್ಸಿಯಾಗ ನಾವು ಕೊನೆ, 75.49%. 2024ರಾಗ ಮತ್ತ ಕೊನೆ, 50.59%. ಆ ವರ್ಷ ಉಡುಪಿ 94%.

ಅವತ್ತು ನಮ್ಮ ಜಿಲ್ಲಾದ ಮ್ಯಾಲ ಎಷ್ಟು ಮೀಮ್ ಬಂದ್ವು ನೆನಪಿದೆಯಾ? ಪರೀಕ್ಷಾ ಕೋಣೆಗೆ ಕ್ಯಾಮೆರಾ ಇಟ್ಟ ಮ್ಯಾಲ ಬಣ್ಣ ಬಯಲಾಯ್ತು ಅಂತ ನಕ್ಕರು. ಕ್ಯಾಮೆರಾ ಇಟ್ಟಿದ್ದು ತಪ್ಪಲ್ಲ, ನಾನೂ ಒಪ್ತೀನಿ. ಆದ್ರ ಆ ಬ್ಯಾಚಿನ ಹುಡುಗರ ಐದು ವರ್ಷ ಒಮ್ಮೆ ನೋಡ್ರಿ.

ಆರನೇ ಕ್ಲಾಸಿನ್ಯಾಗ ಇದ್ದಾಗ, 2019ರ ಆಗಸ್ಟ್‌ನಾಗ, ಕೃಷ್ಣಾ ನದಿ ಉಕ್ಕಿ ಬಂತು. ಅದೇ ವರ್ಷದ ಕೊನೆಗೆ, 2020ರ ಮಾರ್ಚ್‌ನಾಗ, ಕೊರೊನಾಕ್ಕ ಸಾಲಿ ಮುಚ್ಚಿತು. ಏಳನೇ ಕ್ಲಾಸು ಹೆಚ್ಚೂಕಡಿಮಿ ಮನ್ಯಾಗ, ಇಲ್ಲಾ ಹೊಲದಾಗ. ಆನ್‌ಲೈನ್ ಕ್ಲಾಸು ಅಂದ್ರು, ಮನಿಗೊಂದು ಫೋನು, ಅದೂ ಅಪ್ಪನ ಕಿಸೆಯಾಗ, ಅಪ್ಪ ಬೆಂಗಳೂರಿನ ಬಿಲ್ಡಿಂಗ್ ಮ್ಯಾಲ. ಎಂಟನೇ ಕ್ಲಾಸಿಗಿ ಸಾಲಿ ಬಾಗಿಲು ತೆರೆದಿದ್ದು 2021ರ ಸೆಪ್ಟೆಂಬರ್ 6ಕ್ಕ. (ಅವರ ಸಣ್ಣ ತಮ್ಮ ತಂಗಿಯರಿಗಿ, ಒಂದರಿಂದ ಐದನೇ ಕ್ಲಾಸಿನವರಿಗಿ, ಅಕ್ಟೋಬರ್ 25ಕ್ಕ. ಹತ್ತೊಂಬತ್ತು ತಿಂಗಳು!) ಹತ್ತನೇ ಕ್ಲಾಸಿಗಿ ಬಂದಾಗ 2023ರ ಬರ: ರಾಜ್ಯದ 236 ತಾಲೂಕಿನ್ಯಾಗ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಬರ ಬಂದ ವರ್ಷ ನಮ್ಮ ಊರಾಗ ಏನಾಗ್ತದ ಅಂತ ನಿಮಗ ಹೇಳಬೇಕಾ? ಯಾದಗಿರಿ ಸ್ಟೇಷನ್ನಿಗಿ ಹೋಗಿ ಉದ್ಯಾನ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿ ನೋಡ್ರಿ. ಒಂದೇ ಗಾಡಿ, ಒಂದು ದಿಕ್ಕಿಗಿ ಬೆಂಗಳೂರು, ಇನ್ನೊಂದು ದಿಕ್ಕಿಗಿ ಮುಂಬೈ.

ಫಲಿತಾಂಶ ಬಂದ ಮ್ಯಾಲ ಹೆಡ್ ಮಾಸ್ತರಿಗಿ ನೋಟಿಸು, ಹತ್ತನೇ ಕ್ಲಾಸಿಗಿ ವಿಶೇಷ ತರಗತಿ. ಐದನೇ ಕ್ಲಾಸಿನ ನವೆಂಬರ್‌ನಾಗ ಜಾರಿಹೋದ ಮಗುವನ್ನ ಹತ್ತನೇ ಕ್ಲಾಸಿನ ಫೆಬ್ರವರಿಯಾಗ ಹುಡುಕ್ತಾರ.

(3/5)

ಈ ವರ್ಷದ (2025) ಕತಿ ಕೇಳ್ರಿ. ಸೆಪ್ಟೆಂಬರ್ ಕೊನೆಗೆ ಭೀಮಾ ನದಿ ತುಂಬಿ ಹರಿದು ಹೊಲದಾಗ ನಿಂತಿತು. ಹತ್ತಿ, ತೊಗರಿ ನೀರಾಗ. ನಮ್ಮಲ್ಲಿ ಹೊಳಿ ಬಂದಾಗ ಮಂದಿಗಿ ಇರಲಿಕ್ಕ ಜಾಗ ಎಲ್ಲಿ ಕೊಡ್ತಾರ? ಸಾಲಿಯಾಗ. ಕಾಳಜಿ ಕೇಂದ್ರ ಅಂತ ಬೋರ್ಡ್ ಬೀಳ್ತದ. ತಪ್ಪಲ್ಲ, ಊರಾಗ ಗಟ್ಟಿ ಛತ್ತು ಇರೋದು ಅದೊಂದಕ್ಕೇ. ಆದ್ರ ಆ ದಿನಗಳ ಪಾಠ ಯಾವಾಗ, ಯಾರು ತುಂಬಿಸ್ತಾರ ಅನ್ನೋದು ಯಾವ ಆದೇಶದಾಗೂ ಕಾಣಲ್ಲ.

ಅದೇ ಹೊತ್ತಿಗಿ ದಸರಾ ರಜೆ. ಅಕ್ಟೋಬರ್ 7ಕ್ಕ ಮುಗಿಬೇಕಿದ್ದ ರಜೆಯನ್ನ ಸಮೀಕ್ಷೆಗೆ ಮಾಸ್ತರು ಬೇಕು ಅಂತ 18ರ ತನಕ ಎಳೆದ್ರು. ಸಮೀಕ್ಷೆ ಬ್ಯಾಡ ಅನ್ನಲ್ಲ, ನಮ್ಮ ಮಂದಿ ಎಷ್ಟು ಹಿಂದ ಉಳಿದಾರ ಅಂತ ಲೆಕ್ಕ ಆಗಲೇಬೇಕು. ಆದ್ರ ಬೆಂಗಳೂರಿನ ಮಗು ಆ ಹತ್ತು ದಿನ ಟಿವಿ ನೋಡಿತು. ನಮ್ಮ ಮಗು ಹತ್ತಿ ಹೊಲಕ್ಕ ಹೋಯ್ತು. ಒಮ್ಮೆ ಕೈಗಿ ಕೂಲಿ ಬಂದ ಮ್ಯಾಲ, ದೀಪಾವಳಿ ಮುಗಿದ ಮ್ಯಾಲ, ತಿರುಗಿ ಸಾಲಿಗಿ ಕಳಿಸೋದು ಎಷ್ಟು ಕಷ್ಟ ಅಂತ ಮಾಸ್ತರನ್ನ ಕೇಳ್ರಿ.

ಸುರಪುರ ಸೀಮೆಯ ನೀಲಕಂಠರಾಯನಗಡ್ಡಿ ನೆನಪು ಮಾಡ್ಕೊಳ್ರಿ, ಕೃಷ್ಣಾ ನದಿ ನಡುವಿನ ಊರು. 2013ರಾಗ ಅಲ್ಲಿಯ ತುಂಬು ಗರ್ಭಿಣಿಯೊಬ್ಬರು ಹೆರಿಗೆಗೆ ಆಸ್ಪತ್ರೆ ಮುಟ್ಟಲಿಕ್ಕ ತುಂಬಿದ ಹೊಳಿಯಾಗ ಈಜಿ ದಾಟಿದ್ರು. ದೇಶವೇ ಸುದ್ದಿ ಮಾಡಿತು. ಅದೇ ಹೊಳಿ, ಅದೇ ತಿಂಗಳು, ಸಾಲಿ ಮಕ್ಕಳಿಗಿ ಅಡ್ಡ ಬಂದಾಗ ಯಾವ ಕ್ಯಾಮೆರಾನೂ ಬರಲ್ಲ.

ಹೊಳಿ ಬರೋದು ಆಗಸ್ಟ್‌ನಿಂದ. ಹತ್ತಿ ಒಡೆಯೋದು ಅಕ್ಟೋಬರ್‌ನಿಂದ. ಗುಳೆ ದೀಪಾವಳಿ ಮ್ಯಾಲ, ತಿರುಗಿ ಬರೋದು ಯುಗಾದಿಗಿ. ಇದರಾಗ ಯಾವುದು ದಿಢೀರ್ ಬಂದದ್ದು ಹೇಳ್ರಿ?

(4/5)

ಈಗ "ಅರಿವಿನ ಕೊರತೆ".

ನಾನು ಆರನೇ ಕ್ಲಾಸಿನ್ಯಾಗ ಇದ್ದಾಗ ಎರಡು ತಿಂಗಳು ಹತ್ತಿ ಬಿಡಿಸೀನಿ. ಬೆಳಕು ಹರಿಯೋದ್ರಾಗ ಟಂಟಂ ಬರ್ತಿತ್ತು, ಹಿಂದ ನಿಂತು ಹೋಗೋದು. ಒಣಗಿದ ಕಾಯಿ ಮೂತಿ ಉಗುರಿನ ಸಂದಿಗಿ ಚುಚ್ಚಿ ಚುಚ್ಚಿ, ರಾತ್ರಿ ರೊಟ್ಟಿ ಮುರಿದ್ರ ಖಾರ ಹತ್ತಿ ಉರೀತಿತ್ತು. ಕೂಲಿ ಕೇಜಿ ಲೆಕ್ಕ. ಎತ್ತರ ಕಡಿಮಿ ಇದ್ದೋರು ಬಗ್ಗೋದು ಬ್ಯಾಡ, ಅದಕ್ಕೇ ಹುಡುಗರು ಬೇಕು ಅಂತಿದ್ದ ಮಾಲಕ. ತಿರುಗಿ ಸಾಲಿಗಿ ಹೋದಾಗ ಗಣಿತದಾಗ ಭಿನ್ನರಾಶಿ ಮುಗಿದಿತ್ತು. ಇವತ್ತಿಗೂ ಭಿನ್ನರಾಶಿ ನನಗ ಅರ್ಧಂಬರ್ಧನೇ. ನನ್ನ ಜೋಡಿ ಬಂದಿದ್ದ ಅಕ್ಕ ತಿರುಗಿ ಸಾಲಿಗಿ ಹೋಗಲೇ ಇಲ್ಲ.

ನಮ್ಮವ್ವಗ ಅರಿವು ಇರಲಿಲ್ಲಾ? ಆಕಿ ನನ್ನ ಪಾಟಿಚೀಲ ದೇವರ ಗೂಡಿನ್ಯಾಗ ಎತ್ತಿ ಇಟ್ಟಿದ್ದಳು, ಇಲಿ ಕಡೀಬಾರದು ಅಂತ. ಆಕಿಗಿ ಇದ್ದದ್ದು ಸಾಲ. ಮುಂಗಡ ಇಸಗೊಂಡಾಗಿತ್ತು.

ಹೌದು, ಓದ್ಸಿ ಏನ್ ಮಾಡಾದು ಅನ್ನೋ ಪಾಲಕರೂ ಇದ್ದಾರ. ಮಗನ ಕೂಲಿ ಕುಡಿದು ಕಳೆಯೋ ಅಪ್ಪನೂ ಇದ್ದಾನ. ಮುಚ್ಚಿಡಲ್ಲ. ಆದ್ರ ಗುಳೆ ಹೋಗೋ ಮನಿಗಳನ್ನ ನೋಡ್ರಿ: ಊರಾಗ ಅಜ್ಜಿ ಇದ್ದು, ಅಜ್ಜಿಗಿ ಕಣ್ಣು ಕಾಣ್ತಿದ್ದು, ಒಲಿ ಮುಂದ ಕೂಡೋ ಶಕ್ತಿ ಇದ್ರ ಆ ಮನಿ ಮಕ್ಕಳು ಸಾಲಿಗಿ ಹೋಗ್ತಾವ. ಅಜ್ಜಿ ಹೋದ್ಳು ಅಂದ್ರ ಮಕ್ಕಳೂ ಬೆಂಗಳೂರಿಗಿ. ಅಲ್ಲಿ ದೊಡ್ಡಾಕಿ ತಗಡಿನ ಶೆಡ್ಡಿನ್ಯಾಗ ಸಣ್ಣ ಕೂಸು ಹಿಡ್ಕೊಂಡು ಕೂಡ್ತಾಳ. 2010ರ ಏಪ್ರಿಲ್ 1ರಿಂದ ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿಗಿ ಶಿಕ್ಷಣ ಹಕ್ಕು ಅಂತ ಕಾಯ್ದೆ ಅದ. ನಮ್ಮ ಕಡೆ ಆ ಹಕ್ಕು ಅಜ್ಜಿಯ ಕಣ್ಣಿನ ಮ್ಯಾಲ ನಿಂತದ.

ಇನ್ನ ಮಾಲಕರು. 2016ರ ಬಾಲಕಾರ್ಮಿಕ ತಿದ್ದುಪಡಿ "ಸಾಲಿ ಬಿಟ್ಟ ಮ್ಯಾಲ ಮನಿ ಕೆಲಸದಾಗ ಕೈ ಜೋಡಿಸಬಹುದು" ಅಂತ ಒಂದು ಕಿಂಡಿ ಬಿಟ್ಟದ. ರೇಡ್ ಬಂದ್ರ ಎಲ್ಲಾ ಮಕ್ಕಳೂ ಮಾಲಕನ ಅಣ್ಣನ ಮಕ್ಕಳು, ತಂಗಿ ಮಕ್ಕಳು!

(5/5)

ಹಾಂಗಾದ್ರ ಏನ್ ಮಾಡಬೇಕು? ಹೊಸದು ಏನೂ ಕಂಡುಹಿಡಿಯೋದು ಬ್ಯಾಡ. ಸಮಗ್ರ ಶಿಕ್ಷಣ ಯೋಜನೆಯಾಗ ವಲಸೆ ಮಕ್ಕಳಿಗಿ ಋತುಮಾನದ ಹಾಸ್ಟೆಲ್ ನಡೆಸಲಿಕ್ಕ ಅವಕಾಶ ಅದ. ಅಪ್ಪ ಅವ್ವ ಗುಳೆ ಹೋದಷ್ಟು ತಿಂಗಳು ಮಗು ಊರ ಸಾಲಿಯಾಗೇ ಉಂಡು, ಮಲಗಿ, ಓದೋದು. ಇಟ್ಟಿಗಿ ಭಟ್ಟಿಗಿ ಗುಳೆ ಹೋಗೋ ಒಡಿಶಾದ ಬಲಾಂಗೀರ್, ನುವಾಪಡಾದಾಗ ಇಂಥವು ನಡದಾವ. ನಮ್ಮ ಪಕ್ಕದ ತೆಲಂಗಾಣದ ರಂಗಾರೆಡ್ಡಿ ಜಿಲ್ಲಾದಾಗ ಶಾಂತಾ ಸಿನ್ಹಾ ಅವರ ಎಂ.ವಿ. ಫೌಂಡೇಶನ್ 1990ರ ದಶಕದಾಗೇ ಕೂಲಿ ಮಕ್ಕಳನ್ನ ಶಿಬಿರದಾಗ ಓದಿಸಿ ಅವರವರ ವಯಸ್ಸಿನ ಕ್ಲಾಸಿಗಿ ಸೇರಿಸಿತು. ಬಡ ಪಾಲಕರು ಮಕ್ಕಳನ್ನ ಓದಿಸಲಿಕ್ಕ ಒಲ್ಲರು ಅನ್ನೋದನ್ನ ಅವರು ಅಲ್ಲೇ ಸುಳ್ಳು ಮಾಡಿ ತೋರಿಸಿದ್ರು. 2003ರಾಗ ಅವರಿಗಿ ಮ್ಯಾಗ್ಸೇಸೆ ಬಂತು. ಯಾದಗಿರಿಯಿಂದ ಅದೇನು ದೂರ?

ಹಾಸ್ಟೆಲ್ ತೆರೆದ್ರ ದೀಪಾವಳಿಗಿಂತ ಮೊದಲೇ ತೆರಿಬೇಕು. ಜನವರಿಯಾಗ ಟೆಂಡರ್ ಕರೆದ್ರ ಅಷ್ಟೊತ್ತಿಗಿ ಮಗು ಕಲ್ಲು ಹೊತ್ತು ಎರಡು ತಿಂಗಳಾಗಿರ್ತದ. ಬೆಂಗಳೂರಿಗಿ ಹೋದ ಮಗು ಅಲ್ಲಿಯ ಸರ್ಕಾರಿ ಸಾಲಿ ಬಾಗಿಲಿಗಿ ಹೋದ್ರ ಟಿಸಿ ತಗೊಂಡು ಬಾ ಅಂತ ತಿರುಗಿ ಕಳಿಸೋ ಹಂಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಟಿಸಿ ತಡ ಆಯ್ತು ಅಂತ ಪ್ರವೇಶ ನಿರಾಕರಿಸಬಾರದು ಅಂತದ. ಇದನ್ನ ಸ್ಕ್ರೀನ್‌ಶಾಟ್ ತಗೊಂಡು ಗುಳೆ ಹೋದ ನಿಮ್ಮ ಕಾಕಾ, ಚಿಗವ್ವರಿಗಿ ವಾಟ್ಸ್‌ಆ್ಯಪ್ ಮಾಡ್ರಿ.

ಜೂನ್ ಲೆಕ್ಕ ತೋರಿಸಿ ನಮ್ಮನ್ನ ಸುಮ್ಮನೆ ಕೂಡಿಸೋದು ಸಾಕು. ನವೆಂಬರ್ ಲೆಕ್ಕ ಹೊರಗ ಬರಲಿ. ಅವರು ಎಣಿಸಲ್ಲ ಅಂದ್ರ ನಾವೇ ಎಣಿಸೋಣ. ಈ ವಾರ ನಿಮ್ಮ ಊರಿನ ಸಾಲಿಗಿ ಹೋಗ್ರಿ, ಎಸ್‌ಡಿಎಂಸಿಯಾಗ ಪರಿಚಯದವರಿದ್ರ ಅವರನ್ನ ಕರಕೊಂಡು ಹೋಗ್ರಿ. ಏಳನೇ ಕ್ಲಾಸು ಒಂದೇ ಸಾಕು. ಎರಡು ಸಂಖ್ಯಾ ಬೇಕು: ಪುಸ್ತಕದಾಗ ಎಷ್ಟು, ಕೋಣೆಯಾಗ ಎಷ್ಟು. ಮಾಸ್ತರ ಮ್ಯಾಲ ಹರಿಹಾಯಬ್ಯಾಡ್ರಿ, ಅತಿಥಿ ಶಿಕ್ಷಕರು ಪಾಪ ಪಗಾರ ಕಾಯ್ತಾ ಕೂತಿರ್ತಾರ. ಕಮೆಂಟಿನ್ಯಾಗ ತಾಲೂಕಿನ ಹೆಸರು, ಆ ಎರಡು ಸಂಖ್ಯಾ ಹಾಕ್ರಿ. ಮಕ್ಕಳ ಹೆಸರು ಬ್ಯಾಡ, ಮುಖ ಕಾಣೋ ಫೋಟೋ ಬ್ಯಾಡ. ಭಾನುವಾರ ಎಲ್ಲಾ ಕೂಡಿಸಿ ಇಲ್ಲೇ ಹಾಕ್ತೀನಿ.

#ಯಾದಗಿರಿ #ಶಹಾಪುರ #ಸುರಪುರ #ಗುಳೆ #ನವೆಂಬರ್‌ಲೆಕ್ಕ