ಕೊಡುವ ಕೈ ದಣಿದಾಗ

ಕಾಲಿಂಗ್ ಬೆಲ್ ಆದರೆ ಸಾಕು, ‘ಮತ್ತೆ ಚಂದಾನಾ?’ ಅಂತ ನಮ್ಮನೆಯವರು ಪೇಪರ್ ಮರೆಗೆ ಸರಿಯುತ್ತಾರೆ. ಸನತ್‌ನಗರದಲ್ಲಿ ಬೋನಾಲು, ಗಣೇಶ, ದಸರಾ ಸಾಲಾಗಿ ಬರುತ್ತವೆ. ರಸೀದಿ ಪುಸ್ತಕಗಳೂ ಹಾಗೆಯೇ.

1993ರಲ್ಲಿ ಲಾತೂರು ಭೂಕಂಪವಾದಾಗ ನಾನಿಲ್ಲಿಗೆ ಹೊಸ ಸೊಸೆ. ಸೀರೆಗೆಂದು ಕೂಡಿಟ್ಟ ದುಡ್ಡನ್ನೇ ಕೊಟ್ಟಿದ್ದೆ. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪಕ್ಕೂ ಕೊಟ್ಟೆ. ಪ್ರತಿಸಲ ನೋಟು ಸ್ವಲ್ಪ ಚಿಕ್ಕದಾಯಿತು. 2009ರ ನೆರೆಯಲ್ಲಿ ನಮ್ಮ ರಾಯಚೂರಿನವರೇ ಮನೆ ಕಳೆದುಕೊಂಡಾಗ, ‘ಮೊನ್ನೆ ತಾನೇ ಕೊಟ್ಟೆವಲ್ಲ’ ಎಂದು ಬಾಗಿಲು ಹಾಕಿಬಿಟ್ಟೆ. ಆ ಮಾತು ಇಂದಿಗೂ ಚುಚ್ಚುತ್ತದೆ.

ಮನಸ್ಸು ಕಲ್ಲಾಗಿರಲಿಲ್ಲ, ದಣಿದಿತ್ತು. ಕೇಳಲು ಬಂದವರು ಹತ್ತು ಮಂದಿ. ಲೆಕ್ಕ ಹೇಳಲು ಬಂದವರು ಒಬ್ಬರೂ ಇಲ್ಲ.

ಈಗ ಯುಗಾದಿಯಿಂದಲೇ ಎರಡು ಡಬ್ಬಿ ಇಡುತ್ತೇನೆ: ಹಬ್ಬಕ್ಕೊಂದು, ಆಪತ್ತಿಗೊಂದು. ಚಂದಾ ಎತ್ತುವ ಬಂಧುಗಳೇ, ಒಮ್ಮೆ ಏನೂ ಕೇಳದೆ, ಖರ್ಚಿನ ಲೆಕ್ಕ ಹಿಡಿದು ಬನ್ನಿ. ಕಾಫಿ ನಮ್ಮದು!