ಸೈನೈಡ್ ದಿಬ್ಬ ನಿಮ್ಮ ಸೈಕಲ್ ಟ್ರ್ಯಾಕ್ ಅಲ್ಲ

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಈ ನಡುವೆ ನಮ್ಮ ಕೆಜಿಎಫ್ ಬೆಂಗಳೂರಿನ ಸೈಕಲ್ ಸವಾರರಿಗೆ ಭಾನುವಾರದ ಜಾಗ ಆಗಿಬಿಟ್ಟಿದೆ. ಕಾರಿನ ಹಿಂದೆ ದಪ್ಪ ಟೈರಿನ ಮೌಂಟನ್ ಬೈಕ್ ಕಟ್ಟಿಕೊಂಡು ಬರ್ತಾರೆ. ಸೈನೈಡ್ ದಿಬ್ಬ ಹತ್ತುತ್ತಾರೆ, ಮಳೆನೀರು ಕೊರೆದ ಸಂದುಗಳಲ್ಲಿ ಧೂಳೆಬ್ಬಿಸಿಕೊಂಡು ಇಳೀತಾರೆ, ವಿಡಿಯೋ ಹಾಕ್ತಾರೆ. ಕೆಳಗೆ ಕಾಮೆಂಟು: 'ಥೇಟ್ ಮಂಗಳ ಗ್ರಹ ಬ್ರೋ'. ಈಗ ಅಷ್ಟಕ್ಕೇ ನಿಂತಿಲ್ಲ. ಇಲ್ಲಿ ಅಧಿಕೃತವಾಗಿಯೇ ಸೈಕಲ್ ಟ್ರೇಲ್ ಮಾಡಿ, ಅಡ್ವೆಂಚರ್ ಪಾರ್ಕ್ ಮಾಡಿ, ಸತ್ತ ಊರಿಗೆ ಜೀವ ಬರುತ್ತೆ ಅನ್ನೋ ಮೆಸೇಜು ನನ್ನ ಫೋನಿಗೂ ಬಂದಿದೆ. ಬೆಂಬಲ ಕೊಡಿ ಅಂತ ಕೇಳಿದ್ದಾರೆ.

ಉತ್ತರ ಎಲ್ಲರೆದುರೇ ಕೊಡ್ತೀನಿ. ಇಲ್ಲ. ಈಗ ಇಲ್ಲ, ಹೀಗಂತೂ ಇಲ್ಲ.

ಮೊದಲನೇ ಮಾತು, ಅದು ಬೆಟ್ಟ ಅಲ್ಲ ಕಣ್ರೀ. ನಂದಿ ಬೆಟ್ಟ ಬೆಟ್ಟ, ಅಂತರಗಂಗೆ ಬೆಟ್ಟ. ಇದು ಗಿರಣಿ ಉಗುಳಿದ ಕಸ. ನೆಲದೊಳಗಿಂದ ನಮ್ಮ ಜನ ಒಡೆದು ತಂದ ಕಲ್ಲನ್ನು ಹಿಟ್ಟಿನ ಹಾಗೆ ಪುಡಿ ಮಾಡಿ, ಸೈನೈಡ್ ಬೆರೆಸಿದ ನೀರಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡು, ಉಳಿದ ರಾಡಿಯನ್ನು ಊರ ಪಕ್ಕದಲ್ಲೇ ಸುರಿದರು. ಒಂದು ದಿನ ಅಲ್ಲ, ಒಂದು ವರ್ಷ ಅಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಲ್ಲಿಂದ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೆ ಈ ಊರಿನಿಂದ ಹೊರಗೆ ಹೋದ ಚಿನ್ನ ಸುಮಾರು 800 ಟನ್. ಊರಲ್ಲೇ ಉಳಿದ ಪುಡಿ 3 ಕೋಟಿ ಟನ್ನಿಗೂ ಹೆಚ್ಚು. ಚಿನ್ನ ಯಾರ ಪಾಲಿಗೆ ಹೋಯ್ತು, ಪುಡಿ ಯಾರ ಪಾಲಿಗೆ ಬಂತು ಅನ್ನೋದೇ ಕೆಜಿಎಫ್ ಚರಿತ್ರೆ. ಅದನ್ನು ಓದೋಕೆ ಪುಸ್ತಕ ಬೇಕಿಲ್ಲ, ದಿಬ್ಬದ ಮೇಲೆ ನಿಂತು ಒಂದು ಕಡೆ ಬಂಗಲೆ, ಇನ್ನೊಂದು ಕಡೆ ಲೈನ್ ಮನೆಗಳನ್ನು ನೋಡಿದರೆ ಸಾಕು.

ಸೈನೈಡ್ ಅಂದಕೂಡಲೇ ಎಲ್ಲರೂ ಕೇಳೋದು ಒಂದೇ, ಈಗಲೂ ವಿಷ ಇದೆಯಾ? ಸೈನೈಡ್ ಬಿಸಿಲಿಗೆ, ಗಾಳಿಗೆ ಕಾಲಕ್ರಮೇಣ ಒಡೆದು ಹೋಗುತ್ತೆ. ಸವಾರರ ಗುಂಪುಗಳಲ್ಲಿ ಈ ಒಂದು ಸಾಲು ಎಲ್ಲರಿಗೂ ಬಾಯಿಪಾಠ. ಆದರೆ ಕಲ್ಲಿನ ಪುಡಿ ಎಲ್ಲಿ ಹೋಗುತ್ತೆ? ಅದು ಸಿಲಿಕಾ. ಕಣ್ಣಿಗೆ ಕಾಣದಷ್ಟು ಸಣ್ಣಗಿರುವ ಕಣ ಪುಪ್ಪುಸದೊಳಗೆ ಹೋದರೆ ಹೊರಗೆ ಬರಲ್ಲ, ಅಲ್ಲೇ ಕೂತು ಗಾಯ ಮಾಡುತ್ತೆ. ಸಿಲಿಕೋಸಿಸ್ ಅನ್ನೋ ಕಾಯಿಲೆ ಈ ದೇಶದ ವೈದ್ಯಕೀಯ ದಾಖಲೆಗೆ ದೊಡ್ಡದಾಗಿ ಸೇರಿದ್ದೇ ನಮ್ಮೂರಿನಿಂದ. 1940ರಿಂದ 1946ರ ನಡುವೆ ಇಲ್ಲಿ 7,653 ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಜನರಿಗೆ ಅದು ಇತ್ತು. ಒಳಗೆ ಅವರು ಕುಡಿದ ಧೂಳು ಯಾವ ಕಲ್ಲಿನದೋ, ಹೊರಗೆ ದಿಬ್ಬದಲ್ಲಿರುವ ಪುಡಿಯೂ ಅದೇ ಕಲ್ಲಿನದು.

ಈ ದಿಬ್ಬಕ್ಕೆ ಮಳೆ ಬಿಸಿಲು ಸೇರಿ ಮೇಲೊಂದು ಗಟ್ಟಿ ಪದರ ಕಟ್ಟಿಕೊಳ್ಳುತ್ತೆ. ಗಾಯದ ಮೇಲೆ ಹಕ್ಕಳೆ ಕಟ್ಟಿದ ಹಾಗೆ. ಆ ಪದರ ಇರುವಷ್ಟು ಕಾಲ ಪುಡಿ ಸ್ವಲ್ಪವಾದರೂ ಸುಮ್ಮನಿರುತ್ತೆ. ಹಲ್ಲಿರುವ ಟೈರು ಬ್ರೇಕ್ ಹಾಕಿ ಜಾರಿಸಿಕೊಂಡು ಇಳಿದರೆ ಆ ಹಕ್ಕಳೆ ಕಿತ್ತುಬರುತ್ತೆ. ಆಮೇಲೆ ಜೂನ್, ಜುಲೈ ಗಾಳಿ ಬೀಸಿದರೆ ಧೂಳು ಹೋಗೋದು ನಿಮ್ಮ ಅಪಾರ್ಟ್‌ಮೆಂಟಿಗಲ್ಲ. ಲೈನ್ ಮನೆಯ ಅನ್ನದ ತಟ್ಟೆಗೆ, ನೀರಿನ ಕೊಡಕ್ಕೆ, ತೊಟ್ಟಿಲಿಗೆ. ನೀವು ಕನ್ನಡಕ, ಮಾಸ್ಕು, ಕೈಗೆ ಗ್ಲೌಸು ಹಾಕಿಕೊಂಡು ಎರಡು ಗಂಟೆ ಇದ್ದು ಹೋಗ್ತೀರಿ. ಇಲ್ಲಿಯ ಮಗು ಮಾಸ್ಕ್ ಇಲ್ಲದೆ ವರ್ಷಪೂರ್ತಿ ಇರುತ್ತೆ. ಮಾಸ್ಕು ಬೇಕು ಅಂತ ಗೊತ್ತಿದ್ದೇ ಬರುವವರು, ಧೂಳು ಎಬ್ಬಿಸೋದು ತಪ್ಪಲ್ಲ ಅಂತ ಹೇಗೆ ವಾದಿಸ್ತೀರಿ?

ಸಿನಿಮಾದವರಿಗೂ ಇದೇ ಹೇಳಿದ್ವಿ. 2019ರಲ್ಲಿ ಕೆಜಿಎಫ್ ಎರಡನೇ ಭಾಗದ ಚಿತ್ರೀಕರಣ ಈ ದಿಬ್ಬದ ಮೇಲೆ ನಡೀತಿದ್ದಾಗ ಪರಿಸರ ಹಾಳಾಗ್ತಿದೆ ಅಂತ ಊರವರೇ ಕೋರ್ಟಿಗೆ ಹೋಗಿ ತಡೆ ತಂದರು. ಆ ಸಿನಿಮಾ ನೋಡಿದವರಿಗೆ ನಮ್ಮೂರು ಅಂದ್ರೆ ಬಾಂಬೆಯಿಂದ ಒಬ್ಬ ಹೀರೋ ಬಂದು ಬಿಡುಗಡೆ ಮಾಡುವವರೆಗೆ ತಲೆ ತಗ್ಗಿಸಿ ಕಾಯ್ತಿದ್ದ ಗುಲಾಮರ ಊರು. ಸ್ವಾಮಿ, 1930ರಲ್ಲಿ ಬೆರಳಚ್ಚು ಕೊಡಲ್ಲ, ನಾವು ಕಳ್ಳರಲ್ಲ ಅಂತ ಸಾವಿರಾರು ಜನ ಕೆಲಸ ನಿಲ್ಲಿಸಿದ ಊರಿದು. 1946ರ ನವೆಂಬರ್ 4ರಂದು ಗುಂಡಿಗೆ ಆರು ಜನ ಕಾರ್ಮಿಕರನ್ನು ಕೊಟ್ಟ ಊರಿದು. ನೂರು ವರ್ಷಕ್ಕೂ ಹಿಂದೆ ಅಯೋತಿದಾಸ ಪಂಡಿತರ ಬೌದ್ಧ ಚಳವಳಿ ಬೇರು ಬಿಟ್ಟದ್ದು ನಮ್ಮ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ನಡುವೆ. 1954ರಲ್ಲಿ ಬಾಬಾಸಾಹೇಬರು ಖುದ್ದಾಗಿ ಬಂದ ಊರು. ನಮಗೆ ಹೀರೋ ಬೇಕಾಗಿರಲಿಲ್ಲ.

ಎರಡನೇ ಮಾತು ಜಾತಿಯದ್ದು. 'ಸೈಕಲ್ ವಿಷಯಕ್ಕೂ ಜಾತಿ ತಂದ್ರಾ' ಅಂತ ಕೇಳುವವರು ಇಲ್ಲಿ ಸ್ವಲ್ಪ ನಿಲ್ಲಿ.

ಗಣಿಗೆ ಇಳಿದವರು ಯಾರು? ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ಆದಿದ್ರಾವಿಡರು. ಊರಲ್ಲಿ ಭೂಮಿ ಇಲ್ಲದವರು, ಜಮೀನ್ದಾರನ ಅಂಗಳಕ್ಕಿಂತ ಭೂಮಿಯೊಳಗಿನ ಕತ್ತಲೇ ವಾಸಿ ಅಂತ ಇಳಿದವರು. ನನ್ನ ತಾತನೂ ಅದರಲ್ಲಿ ಒಬ್ಬರು. ಮನೇಲಿ ತಮಿಳು, ಬೀದೀಲಿ ತೆಲುಗು, ಶಾಲೇಲಿ ಕನ್ನಡ ಕಲಿತ ತಲೆಮಾರು ನಂದು. ಮೂರು ಕಿಲೋಮೀಟರಿಗೂ ಆಳ ಹೋದ ಗಣಿ ಅದು. ಮೇಲೆ ದೊರೆಗಳಿಗೆ ಕ್ಲಬ್ಬು, ಗಾಲ್ಫ್ ಮೈದಾನ. ಅದಕ್ಕೇ ಇದನ್ನು 'ಪುಟ್ಟ ಇಂಗ್ಲೆಂಡ್' ಅಂತ ಕರೆದರು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂತು, ಬೆಂಗಳೂರಿಗಿಂತ ಮೂರು ವರ್ಷ ಮುಂಚೆ ಅಂತ ಹೆಮ್ಮೆಯಿಂದ ಹೇಳ್ತಾರೆ. ಬಂತು, ಯಂತ್ರಕ್ಕೆ ಬಂತು. ಲೈನ್ ಮನೆಗಳ ಒಣ ಪಾಯಿಖಾನೆಗಳನ್ನು ಮಾತ್ರ ಮನುಷ್ಯರೇ ಕೈಯಲ್ಲಿ ಬಳಿದರು, ಅದೂ ಸ್ವಾತಂತ್ರ್ಯ ಬಂದು ಎಷ್ಟೋ ದಶಕ ಆದ ಮೇಲೂ. ಬೆಜವಾಡ ವಿಲ್ಸನ್ ಹುಟ್ಟಿದ್ದು ಈ ಊರಲ್ಲೇ. ಮಲ ಹೊರುವ ಪದ್ಧತಿ ವಿರುದ್ಧ ದೇಶಕ್ಕೇ ಹಬ್ಬಿದ ಅವರ ಹೋರಾಟ ಹುಟ್ಟಿದ್ದೂ ಇಲ್ಲೇ.

ಅಂದರೆ ನಮ್ಮ ಕೆಲಸದ ಮೇಲೆ ಇನ್ನೊಬ್ಬರು ಆಟ ಆಡೋದು ಈ ಊರಿಗೆ ಹೊಸದಲ್ಲ. ಆಗ ಗಾಲ್ಫ್, ಈಗ ಸೈಕಲ್.

ಅದೇ ನೆಲದ ಮೇಲೆ ಯಾರು ನಡೆದರೆ ಏನು ಹೆಸರು ಅಂತ ನೋಡಿ. ಬೆಂಗಳೂರಿನವರು ಬೇಲಿ ದಾಟಿ ದಿಬ್ಬ ಹತ್ತಿದರೆ 'ಎಕ್ಸ್‌ಪ್ಲೋರರ್'. ನಮ್ಮ ಹುಡುಗ ತುಕ್ಕು ಹಿಡಿದ ಕಬ್ಬಿಣ ಆಯೋಕೆ ಹೋದರೆ ಕಳ್ಳ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್‌ನಲ್ಲಿ ಊರೇ ಮುಚ್ಚಿಕೊಂಡಿದ್ದಾಗ, ಮಾರಿಕುಪ್ಪಂನಲ್ಲಿ ಮುಚ್ಚಿದ ಗಣಿಯೊಳಗೆ ಇಳಿದ ಮೂರು ಜನ ಉಸಿರುಗಟ್ಟಿ ಸತ್ತರು. ಸುದ್ದಿಯಲ್ಲಿ ಅವರು ಚಿನ್ನದ ಕಳ್ಳರು. ಅವರನ್ನು ಆ ಗುಂಡಿಗೆ ತಳ್ಳಿದ್ದು ಏನು ಅಂತ ಕೇಳಿದವರು ಎಷ್ಟು ಜನ? ಅವರೂ ಸಾಹಸ ಮಾಡಿದವರೇ. ಜೀವ ಉಳಿಸಿಕೊಳ್ಳೋ ಸಾಹಸಕ್ಕೆ ಹೆಲ್ಮೆಟ್ ಇರಲ್ಲ, ಲೈಕ್ ಬರಲ್ಲ.

ಇನ್ನೊಂದು ಪದ, 'ಸತ್ತ ಊರು'. ಬೆಳಗಿನ ಜಾವ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲಿಗೆ ಒಂದು ದಿನ ಹತ್ತಿ ನೋಡಿ. ನಿಲ್ಲೋಕೆ ಜಾಗ ಇರಲ್ಲ. ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಗಾರ್ಮೆಂಟ್ಸ್, ಆಸ್ಪತ್ರೆ, ಕಟ್ಟಡದ ಕೆಲಸ. ಹೋಗಿ ಬರೋದಕ್ಕೇ ದಿನದ ನಾಲ್ಕೈದು ಗಂಟೆ ರೈಲಲ್ಲಿ. ವಾರಪೂರ್ತಿ ನಿಮ್ಮ ನಗರ ನಡೆಸಿ, ಭಾನುವಾರ ಮನೆಯಲ್ಲಿ ಮಲಗಿರುವ ಜನರ ತಲೆ ಮೇಲೆ ಬಂದು ನೀವು ಸತ್ತ ಊರಿಗೆ ಜೀವ ತುಂಬ್ತೀರಾ?

ಪರಿಸರದ ಪಾಠ ಹೇಳುವ ಸೈಕಲ್ ಗೆಳೆಯರಿಗೆ ಒಂದು ನೆನಪು. 2021ರ ಫೆಬ್ರವರಿಯಲ್ಲಿ ತುರಹಳ್ಳಿ ಕಾಡಲ್ಲಿ ಟ್ರೀ ಪಾರ್ಕ್ ಮಾಡ್ತೀವಿ ಅಂತ ಸರ್ಕಾರ ಹೊರಟಾಗ ನೀವು ಬೀದಿಗೆ ಬಂದಿರಿ. ಸರಿಯಾಗೇ ಮಾಡಿದಿರಿ. ಸಹಜ ಕಾಡಿಗೆ ಕಾಂಕ್ರೀಟು ಬೇಡ, ಅಲ್ಲಿ ಓಡಾಡುವ ನಮ್ಮನ್ನು ಕೇಳದೆ ತೀರ್ಮಾನ ಬೇಡ ಅಂದಿರಿ. ಸರ್ಕಾರ ಕಿವಿಗೊಡಬೇಕಾಯಿತು. ತುರಹಳ್ಳಿಯಲ್ಲಿ ಸೈಕಲ್ ಹೊಡೆಯುವವರನ್ನು ಕೇಳಬೇಕು, ಕೆಜಿಎಫ್‌ನಲ್ಲಿ ಬದುಕುವವರನ್ನೂ ಕೇಳಬೇಕಾಗಿಲ್ಲವಾ? ಇದಕ್ಕೆ ಉತ್ತರ ಬೇಕು ನನಗೆ.

ಸರ್ಕಾರವೂ ಕೇಳ್ತಿಲ್ಲ, ಅದು ಬೇರೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ದಿಬ್ಬಗಳಿರುವ ಸಾವಿರ ಎಕರೆ ಜಾಗದಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಆ ಪುಡಿಯಲ್ಲಿ ಇನ್ನೂ ಚಿನ್ನ ಉಳಿದಿದೆ, ಅದಕ್ಕೇ ಅದರ ಮೇಲೆ ಕಣ್ಣು. ಲೈನ್ ಮನೆಗಳ ಹಕ್ಕುಪತ್ರದ ಹೋರಾಟ ಮಾತ್ರ ಗಣಿ ಮುಚ್ಚಿ ಇಷ್ಟು ವರ್ಷ ಆದರೂ ಮುಗಿದಿಲ್ಲ. ಕಸಕ್ಕೂ ಬೆಲೆ ಕಟ್ಟಿದರು, ಕಸದ ಪಕ್ಕ ಬದುಕಿದ ಮನುಷ್ಯರಿಗೆ ಕಟ್ಟಲಿಲ್ಲ.

'ಟೂರಿಸಂ ಬಂದರೆ ನಿಮಗೇ ಕೆಲಸ ಸಿಗುತ್ತೆ' ಅಂತೀರಿ. ಯಾವ ಕೆಲಸ? ಪಾರ್ಕಿಂಗಿನಲ್ಲಿ ಸೀಟಿ ಊದೋದು, ಟೀ ಅಂಗಡಿ, ನಿಮ್ಮ ಶೌಚಾಲಯ ತೊಳೆಯೋದು? ನೂರಿಪ್ಪತ್ತು ವರ್ಷ 'ಕೆಲಸ ಕೊಟ್ಟಿದ್ದೀವಲ್ಲ' ಅನ್ನೋ ಮಾತು ಕೇಳಿದ ಕಿವಿಗಳಿವು. ಕೆಲಸ ಕೊಡೋದೂ ಪಾಲು ಕೊಡೋದೂ ಒಂದೇ ಅಲ್ಲ.

ನಾನು ಸೈಕಲ್ ವಿರೋಧಿ ಅಲ್ಲ. ರಾಬರ್ಟ್‌ಸನ್‌ಪೇಟೆಯ ಮಕ್ಕಳಿಗೂ ಬೆಟ್ಟ ಇಳಿಯೋ ಖುಷಿ ಬೇಕು. ಗಣಿ ಮುಚ್ಚಿದ ಊರು ಸೈಕಲ್‌ನಿಂದ ಎದ್ದು ನಿಂತ ಉದಾಹರಣೆಗಳೂ ಇವೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಡರ್ಬಿ ಅನ್ನೋ ತವರದ ಗಣಿಯ ಊರು 2015ರಿಂದ ಮೌಂಟನ್ ಬೈಕ್‌ಗೇ ಹೆಸರಾಯ್ತು. ಅಮೆರಿಕದ ಮಿನೆಸೋಟಾದ ಕಯೂನಾದಲ್ಲಿ ಕಬ್ಬಿಣದ ಗಣಿಗಳ ಸುತ್ತ 2011ರಲ್ಲಿ ಟ್ರೇಲ್ ತೆರೆದರು. ಅದೇ ಸೀಮೆಯಲ್ಲಿ 1924ರಲ್ಲಿ ಮಿಲ್ಫರ್ಡ್ ಗಣಿಗೆ ನೀರು ನುಗ್ಗಿ 41 ಜನ ಸತ್ತಿದ್ದರು. ಇವತ್ತು ಅಲ್ಲಿ ಅವರ ಸ್ಮಾರಕ ಉದ್ಯಾನ ಇದೆ. ಸತ್ತವರನ್ನು ನೆನೆದೇ ಅಲ್ಲಿ ಆಟ ನಡೀತಿದೆ. ನಮ್ಮಲ್ಲಿ? ಗಣಿ ಬಾವಿಗಳಿಗೆ ಗಿಫರ್ಡ್, ಎಡ್ಗರ್ ಅಂತ ದೊರೆಗಳ ಹೆಸರು. ಪೇಟೆಗೂ ದೊರೆ ಹೆಸರೇ. ಈಗ ಸವಾರರು ಆ್ಯಪ್‌ನಲ್ಲಿ ದಿಬ್ಬದ ಇಳಿಜಾರುಗಳಿಗೆ ತಮಗೆ ತೋಚಿದ ಹೆಸರು ಇಡಬಹುದು. ಒಳಗೆ ಸತ್ತ ನಮ್ಮವರ ಹೆಸರು ಎಲ್ಲಿ ಬರೆದಿದ್ದೀರಿ?

ಅದಕ್ಕೇ, ಬೆಂಬಲ ಕೇಳಿದವರಿಗೆ ನನ್ನ ಷರತ್ತುಗಳು:

1. ದಿಬ್ಬದ ಮಣ್ಣು, ಧೂಳು, ಸುತ್ತಲಿನ ನೀರು ಸ್ವತಂತ್ರವಾಗಿ ಪರೀಕ್ಷೆ ಆಗಲಿ. ವರದಿ ಕನ್ನಡ, ತಮಿಳು, ತೆಲುಗಿನಲ್ಲಿ ವಾರ್ಡ್ ವಾರ್ಡಿಗೆ ಮುಟ್ಟಲಿ. ಅಲ್ಲಿಯವರೆಗೆ ದಿಬ್ಬದ ಮೇಲೆ ಒಂದು ಟೈರೂ ಉರುಳಬಾರದು.

2. ಧೂಳು ಏಳದ ಹಾಗೆ ದಿಬ್ಬಕ್ಕೆ ಗಿಡ, ಹುಲ್ಲು ಹೊದಿಸಬೇಕು. ಆ ಕೆಲಸ ಊರವರಿಗೇ, ಸರಿಯಾದ ಕೂಲಿ ಮತ್ತು ರಕ್ಷಣೆಯ ಜೊತೆ. ಹಳೇ ಗಣಿ ಕಾರ್ಮಿಕರಿಗೂ ಅವರ ಮನೆಯವರಿಗೂ ಎದೆ ತಪಾಸಣೆ, ಚಿಕಿತ್ಸೆ ಉಚಿತ.

3. ಮೊದಲು ಹಕ್ಕುಪತ್ರ. ಆಮೇಲೆ ಹರಾಜು, ಪಾರ್ಕು, ಟ್ರೇಲು ಏನಿದ್ದರೂ ಮಾತು.

4. ಯಾವ ಯೋಜನೆ ಬಂದರೂ ಊರಿನ ಜನರ ಸಹಕಾರ ಸಂಘಕ್ಕೆ ಒಡೆತನದಲ್ಲಿ ಪಾಲು. ಕೂಲಿ ಅಲ್ಲ, ಪಾಲು.

5. ಸತ್ತ ಕಾರ್ಮಿಕರ ಹೆಸರು ಒಂದೂ ಬಿಡದೆ ಕಲ್ಲಿನ ಮೇಲೆ.

ಇಷ್ಟು ಆಗಲಿ. ಆಮೇಲೆ ನೀವು ಬನ್ನಿ, ನಮ್ಮ ಮಕ್ಕಳೇ ನಿಮಗೆ ದಾರಿ ತೋರಿಸ್ತಾರೆ, ಟಿಕೆಟ್ಟೂ ಅವರೇ ಹರೀತಾರೆ.

ಗೆಳೆಯರೇ, ನಿಮ್ಮ ಪರಿಚಯದ ಸೈಕಲ್ ಗುಂಪುಗಳಿಗೆ ಇದನ್ನು ಕಳಿಸಿ. ದಿಬ್ಬದ ವಿಡಿಯೋ ಕಂಡರೆ ಬೈಯಬೇಡಿ, ಕೆಳಗೆ ಒಂದೇ ಪ್ರಶ್ನೆ ಬರೆಯಿರಿ: 'ಈ ಧೂಳು ಯಾರ ಮನೆಗೆ ಹೋಯ್ತು?'

ಜೈ ಭೀಮ್.