ಒಂದೇ ಸದನ ಸಾಕೇ? ಗೋವಾ ಕಡೆ ನೋಡಿ

ಮಹದಾಯಿ ನದಿ ನೀರಿನ ಮಾತು ಬಂದಾಗಲೆಲ್ಲ ನರಗುಂದ, ರೋಣದ ರೈತರು ಗೋವಾ ಸರ್ಕಾರದ ಮೇಲೆ ಹರಿಹಾಯುತ್ತಾರೆ. ಆ ಸರ್ಕಾರ ನಿಂತಿರುವ ಸದನ ಎಂಥದ್ದು ಎಂದು ಯಾರೂ ಕೇಳುವುದಿಲ್ಲ. ಗೋವಾಕ್ಕೆ ವಿಧಾನ ಪರಿಷತ್ತು ಇಲ್ಲ. 40 ಶಾಸಕರ ವಿಧಾನಸಭೆಯೊಂದೇ. ದೇಶದ 28 ರಾಜ್ಯಗಳಲ್ಲಿ 22ರದ್ದು ಇದೇ ವ್ಯವಸ್ಥೆ. ಪರಿಷತ್ತು ಇಟ್ಟುಕೊಂಡ ಆರು ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಪರಿಷತ್ತು ಚುನಾವಣೆಯಲ್ಲಿ ಸೋತವರ ಪುನರ್ವಸತಿ ಕೇಂದ್ರ, ರದ್ದು ಮಾಡಿ ಎಂಬ ಕೂಗು ನಮ್ಮಲ್ಲಿ ಆಗಾಗ ಏಳುತ್ತದೆ.

ಕೂಗಿಗೆ ಕಾರಣವಿಲ್ಲದಿಲ್ಲ. 224 ಸ್ಥಾನಗಳ ವಿಧಾನಸಭೆಗೆ ನರಗುಂದದಿಂದ ಒಬ್ಬರು, ಗಜೇಂದ್ರಗಡವನ್ನೂ ಒಳಗೊಂಡ ರೋಣ ಕ್ಷೇತ್ರದಿಂದ ಒಬ್ಬರು ಹೋಗುತ್ತಾರೆ. 75 ಸದಸ್ಯರ ಪರಿಷತ್ತಿಗೆ ಆರಿಸುವವರು ಶಾಸಕರು, ಸ್ಥಳೀಯ ಸಂಸ್ಥೆಗಳ ಸದಸ್ಯರು, ಪದವೀಧರರು, ಶಿಕ್ಷಕರು. ಉಳಿದ 11 ಮಂದಿ ನಾಮನಿರ್ದೇಶಿತರು. ಪದವಿ ಇಲ್ಲದ, ಪಂಚಾಯಿತಿಯಲ್ಲೂ ಇಲ್ಲದ ರೈತನಿಗೆ ಅಲ್ಲಿ ಮತವಿಲ್ಲ. ಸರ್ಕಾರ ಬೀಳಿಸುವ ಬಲವೂ ಪರಿಷತ್ತಿಗಿಲ್ಲ. 1980ರ ಜುಲೈ 21ರಂದು ನರಗುಂದದಲ್ಲಿ ಸಿಡಿದ ರೈತರ ಸಿಟ್ಟು ಗುಂಡೂರಾವ್ ಸರ್ಕಾರವನ್ನು ತಟ್ಟಿದ್ದು 1983ರ ವಿಧಾನಸಭಾ ಚುನಾವಣೆಯಲ್ಲೇ.

ಮಸೂದೆ ತಡೆಯುವುದರಲ್ಲೂ ಪರಿಷತ್ತಿನ ಕೈ ಗಿಡ್ಡ. ಹಣಕಾಸು ಮಸೂದೆಯನ್ನು 14 ದಿನ ಇಟ್ಟುಕೊಳ್ಳಬಹುದು. ಉಳಿದವನ್ನು ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು. 2024ರ ಫೆಬ್ರವರಿಯಲ್ಲಿ ಮುಜರಾಯಿ ತಿದ್ದುಪಡಿ ಮಸೂದೆ ಪರಿಷತ್ತಿನಲ್ಲಿ ಬಿದ್ದಾಗ, ವಾರದೊಳಗೆ ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಿತು.

ಹಾಗೆಂದು ಒಂದೇ ಸದನವಾದರೆ ಎಲ್ಲ ಸರಿಹೋದೀತೇ? ಗೋವಾದ ಲೆಕ್ಕ ನೋಡಿ. ಮಂತ್ರಿಗಳ ಸಂಖ್ಯೆ ಸದನದ ಶೇ 15ರ ಮಿತಿ ದಾಟಬಾರದು. ಆದರೆ ಸಣ್ಣ ರಾಜ್ಯಗಳಲ್ಲೂ 12ಕ್ಕಿಂತ ಕಡಿಮೆ ಇರಬಾರದು ಎನ್ನುತ್ತದೆ ಸಂವಿಧಾನ. ಗೋವಾದ 40ರಲ್ಲಿ ಮುಖ್ಯಮಂತ್ರಿಯೂ ಸೇರಿ 12 ಮಂತ್ರಿಗಳು, ಜೊತೆಗೆ ಸಭಾಧ್ಯಕ್ಷರು, ಉಪಸಭಾಧ್ಯಕ್ಷರು. ಉಳಿದವರು 26, ಅವರಲ್ಲೂ ಆಳುವ ಪಕ್ಷದವರಿದ್ದಾರೆ. 2022ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ಸಿನ 11 ಶಾಸಕರಲ್ಲಿ 8 ಮಂದಿ ಬಿಜೆಪಿಗೆ ಹಾರಿದ ಮೇಲೆ ವಿರೋಧ ಪಕ್ಷಗಳಿಗೆ ಉಳಿದದ್ದು ಏಳೇ ಸ್ಥಾನ. ಪ್ರಶ್ನೆ ಕೇಳುವವರೇ ಇಷ್ಟು ತೆಳ್ಳಗಾದರೆ ಮಸೂದೆಯನ್ನು ಜರಡಿ ಹಿಡಿಯುವವರು ಯಾರು?

ಕೇರಳದ್ದೂ ಒಂದೇ ಸದನ, 140 ಸದಸ್ಯರದ್ದು. ಮಂಜೇಶ್ವರ, ಕಾಸರಗೋಡಿನ ಕನ್ನಡಿಗರ ಅಹವಾಲಿಗೂ ಅದೊಂದೇ ವೇದಿಕೆ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಅಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ಆ ಸದನ 1980ರಲ್ಲೇ ವಿಷಯವಾರು ಸಮಿತಿಗಳನ್ನು ಕಟ್ಟಿಕೊಂಡಿತು. ಮಸೂದೆಗಳನ್ನೂ ಇಲಾಖೆಗಳ ಅನುದಾನ ಬೇಡಿಕೆಗಳನ್ನೂ ಪಕ್ಷಭೇದವಿಲ್ಲದೆ ಕೂತು ಪರಿಶೀಲಿಸುವ ಜಾಗ ಅದು. ಇನ್ನೊಂದು ಸದನ ಮಾಡಬೇಕಾದ ಮರುಪರಿಶೀಲನೆಯನ್ನು ಕೇರಳ ತನ್ನ ಒಂದೇ ಸದನದೊಳಗೆ ಅಳವಡಿಸಿಕೊಂಡಿದೆ.

ಪರಿಷತ್ತು ರದ್ದಾಗಬೇಕಾದರೆ 169ನೇ ವಿಧಿಯಂತೆ ವಿಧಾನಸಭೆ ವಿಶೇಷ ಬಹುಮತದಿಂದ ನಿರ್ಣಯ ಮಾಡಬೇಕು, ಆಮೇಲೆ ಸಂಸತ್ತು ಕಾನೂನು ಮಾಡಬೇಕು. ಅದಕ್ಕೂ ಮೊದಲು ವಿಧಾನಸಭೆ ತನ್ನ ನಿಯಮಾವಳಿ ತಿದ್ದಿಕೊಂಡು, ಪ್ರತಿ ಮಸೂದೆಯೂ ಸಮಿತಿಯನ್ನು ಹಾದು ಬರಲೇಬೇಕು ಎಂದು ಕಟ್ಟುಮಾಡಲಿ. ಅದಾಗದೆ ಪರಿಷತ್ತು ಕಿತ್ತರೆ ಖರ್ಚು ಉಳಿದೀತು, ಆಳುವವರಿಗೆ ಇರುವ ಚೂರುಪಾರು ಅಂಕೆಯೂ ತಪ್ಪೀತು. ಮುಂದಿನ ಸಲ ರೋಣ, ನರಗುಂದದಲ್ಲಿ ಮತ ಕೇಳಲು ಬರುವ ಶಾಸಕರಿಗೆ ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳೋಣ: ನೀವು ಯಾವ ಸಮಿತಿಯಲ್ಲಿದ್ದಿರಿ, ಅಲ್ಲಿ ಏನು ತಿದ್ದಿಸಿದಿರಿ?